ಪರಂಪರೆಯ ವಾರಸುದಾರಿಕೆ: ಬ್ರಿಟನಿ ಹೊವಾರ್ಡ್ ಅವರ ಹಿನ್ನೆಲೆ ಮತ್ತು ಪ್ರಭಾವಗಳ ಒಂದು ವಿವೇಚನೆ

ಜಾನಪದ ಅಧ್ಯಯನದಲ್ಲಿ 'ಪ್ರಭಾವ' ಎಂಬ ಪದವನ್ನು ಎಚ್ಚರದಿಂದ ಬಳಸಬೇಕಾಗುತ್ತದೆ. ಒಬ್ಬ ಹಾಡುಗಾರ ಯಾರಿಂದ ಹಾಡು ಕಲಿತ, ಯಾವ ಮೇಳದಲ್ಲಿ ಹಿಮ್ಮೇಳವಾಗಿ ನಿಂತ, ಯಾವ ಜಾತ್ರೆಯಲ್ಲಿ ಮೊದಲು ದನಿ ತೆರೆದ ಎಂಬುದನ್ನು ಕ್ಷೇತ್ರಕಾರ್ಯದಲ್ಲಿ ದಾಖಲಿಸಬಹುದು. ಧ್ವನಿಮುದ್ರಿಕೆಗಳ ಕಾಲದಲ್ಲಿ ಬೆಳೆದ ಹಾಡುಗಾರರ ವಿಷಯದಲ್ಲಿ ಈ ವಿಧಾನ ತೊಡಕಿಗೆ ಸಿಲುಕುತ್ತದೆ. ಅವರ ಗುರುಗಳಲ್ಲಿ ಹೆಚ್ಚಿನವರು ಅವರು ಹುಟ್ಟುವ ಮೊದಲೇ ತೀರಿಕೊಂಡಿರುತ್ತಾರೆ. ಕಲಿಕೆ ತಟ್ಟೆಯಿಂದ, ಬಾನುಲಿಯಿಂದ, ಮನೆಯ ಮೂಲೆಯ ಹಳೆಯ ವಾದ್ಯದಿಂದ ನಡೆದಿರುತ್ತದೆ. ಹಾಗಾದರೆ ಇಂಥವರನ್ನು ಪರಂಪರೆಯ ವಾಹಕರೆಂದು ಕರೆಯಬಹುದೆ? ಅಥವಾ ಇವರು ಪರಂಪರೆಯ ಅನುಕರಣಕಾರರು ಮಾತ್ರವೆ? ಅಮೆರಿಕದ ಅಲಬಾಮ ರಾಜ್ಯದ ಸೋಲ್ ರಾಕ್ ಗಾಯಕಿ, ಗೀತರಚನಕಾರ್ತಿ ಬ್ರಿಟನಿ ಹೊವಾರ್ಡ್ ಅವರ ಸಂಗೀತ ಜೀವನ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತುತ್ತದೆ. 2012ರಲ್ಲಿ ಅವರ ತಂಡದ ಮೊದಲ ಸಂಪುಟ ಬಂದಾಗ ವಿಮರ್ಶಕರಲ್ಲಿ ಅನೇಕರು ಅದನ್ನು ಅರವತ್ತರ ದಶಕದ ಸೋಲ್ ಸಂಗೀತದ ಪುನರಾವರ್ತನೆ ಎಂದು ಗುರುತಿಸಿದರು. ಈ ಗುರುತಿಸುವಿಕೆ ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪ್ರದೇಶ ಮತ್ತು ಅದರ ಎರಡು ನೆನಪುಗಳು

ಹೊವಾರ್ಡ್ ಅವರು ಹುಟ್ಟಿದ್ದು 1988ರ ಅಕ್ಟೋಬರ್ 2ರಂದು, ಅಲಬಾಮದ ಉತ್ತರ ಭಾಗದ ಅಥೆನ್ಸ್ ಎಂಬ ಸಣ್ಣ ಪಟ್ಟಣದಲ್ಲಿ. ಲೈಮ್‌ಸ್ಟೋನ್ ಕೌಂಟಿಯ ಆಡಳಿತ ಕೇಂದ್ರವಾದ ಈ ಪಟ್ಟಣ ಟೆನೆಸ್ಸೀ ನದಿಯ ಕಣಿವೆಯಲ್ಲಿದೆ. ಹೊರಗಿನವರಿಗೆ ಇದು ಹೆಸರಿಲ್ಲದ ಊರು. ಆದರೆ ಸಂಗೀತದ ಇತಿಹಾಸದಲ್ಲಿ ಈ ನೆಲಕ್ಕೆ ಎರಡು ಬೇರೆ ಬೇರೆ ನೆನಪುಗಳಿವೆ.

ಮೊದಲನೆಯದು ಕಪ್ಪು ಜನರ ನೆನಪು. ಅಂತರ್ಯುದ್ಧ ಮುಗಿದ 1865ರಲ್ಲಿಯೇ ಬಿಡುಗಡೆ ಹೊಂದಿದ ಗುಲಾಮರ ಮಕ್ಕಳಿಗಾಗಿ ಅಥೆನ್ಸ್‌ನಲ್ಲಿ ಟ್ರಿನಿಟಿ ಶಾಲೆ ಆರಂಭವಾಯಿತು. ಗುಲಾಮಗಿರಿಯಲ್ಲಿ ಹುಟ್ಟಿ ಈ ಶಾಲೆಯಲ್ಲಿ ಕಲಿತ ಪ್ಯಾಟಿ ಮೆಲೋನ್ ಎಂಬ ಗಾಯಕಿ ಮುಂದೆ ನ್ಯಾಶ್‌ವಿಲ್‌ನ ಪ್ರಸಿದ್ಧ ಫಿಸ್ಕ್ ಜೂಬಿಲಿ ಗಾಯಕರ ತಂಡವನ್ನು ಸೇರಿದರು. ಗುಲಾಮರ ಭಕ್ತಿಗೀತೆಗಳನ್ನು ಜಗತ್ತಿಗೆ ಪರಿಚಯಿಸಿದ ಈ ಪರಂಪರೆಯ ಒಂದು ತಂಡ, ಫ್ರೆಡರಿಕ್ ಲೌಡಿನ್ ಅವರ ನೇತೃತ್ವದಲ್ಲಿ 1884ರಿಂದ 1890ರವರೆಗೆ ಕೈಗೊಂಡ ದೀರ್ಘ ಪ್ರವಾಸದಲ್ಲಿ ಭಾರತಕ್ಕೂ ಬಂದಿತ್ತು ಎಂಬುದು ಇಲ್ಲಿ ಸ್ಮರಣೀಯ.

ಎರಡನೆಯದು ಬಿಳಿಯ ರೈತಾಪಿ ಜನರ ನೆನಪು. ಇದೇ ಕೌಂಟಿಯ ಎಲ್ಕ್‌ಮಾಂಟ್‌ನಲ್ಲಿ ಹುಟ್ಟಿದ ಡೆಲ್ಮೋರ್ ಸಹೋದರರು 1930ರ ದಶಕದಲ್ಲಿ ಗ್ರ್ಯಾಂಡ್ ಓಲ್ ಓಪ್ರಿ ಬಾನುಲಿ ಕಾರ್ಯಕ್ರಮದ ಮೂಲಕ ಕಂಟ್ರಿ ಸಂಗೀತದ ಮುಖ್ಯ ಜೋಡಿಯಾದರು. ಅವರ ಗಿಟಾರ್ ನಡೆಯಲ್ಲಿ ಕಪ್ಪು ಜನರ ಬ್ಲೂಸ್ ಮತ್ತು ಬೂಗಿ ಲಯ ಸ್ಪಷ್ಟವಾಗಿ ಕೇಳಿಸುತ್ತದೆ. ಅಥೆನ್ಸ್‌ನ ಕಾಲೇಜಿನ ಆವರಣದಲ್ಲಿ 1960ರ ದಶಕದಿಂದ ನಡೆದುಬಂದಿರುವ ಪಿಟೀಲು ವಾದಕರ ಸಮಾವೇಶ ಈ ಎರಡನೆಯ ನೆನಪನ್ನು ಇಂದಿಗೂ ಕಾಪಾಡಿಕೊಂಡು ಬಂದಿದೆ.

ಒಂದೇ ನೆಲದ ಈ ಎರಡು ನೆನಪುಗಳು ಪ್ರತ್ಯೇಕವಾಗಿ ದಾಖಲಾಗಿರುವುದು ಆಕಸ್ಮಿಕವಲ್ಲ. 1920ರ ದಶಕದಲ್ಲಿ ಧ್ವನಿಮುದ್ರಣ ಕಂಪನಿಗಳು ದಕ್ಷಿಣದ ಹಾಡುಗಾರಿಕೆಯನ್ನು ಎರಡು ಪಟ್ಟಿಗಳಾಗಿ ಸೀಳಿದವು. ಕಪ್ಪು ಜನರ ಹಾಡುಗಳು 'ರೇಸ್' ತಟ್ಟೆಗಳಾದವು. ಬಿಳಿಯರ ಹಾಡುಗಳು 'ಹಿಲ್‌ಬಿಲಿ' ತಟ್ಟೆಗಳಾದವು. 'ಬಿಲ್‌ಬೋರ್ಡ್' ಪತ್ರಿಕೆ 1949ರಲ್ಲಿ ರೇಸ್ ಎಂಬ ಶೀರ್ಷಿಕೆಯನ್ನು ಕೈಬಿಟ್ಟು ರಿದಮ್ ಅಂಡ್ ಬ್ಲೂಸ್ ಎಂದು ಕರೆಯಿತು. 1969ರಲ್ಲಿ ಅದೇ ಪಟ್ಟಿಗೆ ಸೋಲ್ ಎಂದು ಹೆಸರಿಟ್ಟಿತು. ಹೆಸರು ಬದಲಾಯಿತೇ ಹೊರತು ವಿಭಜನೆ ಅಳಿಯಲಿಲ್ಲ. ಜಾನಪದ ಸಂಗ್ರಾಹಕರೂ ಈ ದೋಷದಿಂದ ಮುಕ್ತರಾಗಿರಲಿಲ್ಲ. ಬಿಳಿಯರ ಬೆಟ್ಟದ ಊರುಗಳಲ್ಲಿ ಲಾವಣಿಗಳನ್ನೂ ಕಪ್ಪು ಜನರಲ್ಲಿ ಭಕ್ತಿಗೀತೆ, ಕೆಲಸದ ಹಾಡುಗಳನ್ನೂ ಅರಸಿ ಹೋದವರು, ಎರಡೂ ಕಡೆ ಸಮಾನವಾಗಿ ಹಾಡಲಾಗುತ್ತಿದ್ದ ಹಾಡುಗಳನ್ನು ಹಲವು ವೇಳೆ ಬದಿಗೆ ಸರಿಸಿದರು. ಹೊವಾರ್ಡ್ ಅವರ ಸಂಗೀತವನ್ನು ಯಾವ ಪಟ್ಟಿಗೆ ಸೇರಿಸಬೇಕೆಂಬ ಇಂದಿನ ಗೊಂದಲದ ಬೇರು ಇಲ್ಲಿದೆ.

2. ಮಸಲ್ ಶೋಲ್ಸ್‌ನ ನೆರೆಹೊರೆ

ಅಥೆನ್ಸ್‌ನಿಂದ ಪಶ್ಚಿಮಕ್ಕೆ, ಅದೇ ನದಿಯ ದಂಡೆಯಲ್ಲಿ ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯ, ಮಸಲ್ ಶೋಲ್ಸ್ ಎಂಬ ಒಂದಕ್ಕೊಂದು ಹೊಂದಿಕೊಂಡ ಊರುಗಳಿವೆ. ಬ್ಲೂಸ್ ಸಂಗೀತವನ್ನು ಮುದ್ರಿತ ಸ್ವರಲಿಪಿಯ ಮೂಲಕ ಪ್ರಚುರಪಡಿಸಿದ ಡಬ್ಲ್ಯು. ಸಿ. ಹ್ಯಾಂಡಿ 1873ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದರು. ರಿಕ್ ಹಾಲ್ ಅವರ ಫೇಮ್ ಸ್ಟುಡಿಯೊ ತಲೆಯೆತ್ತಿದ್ದು ಇಲ್ಲಿಯೇ. ಹೋಟೆಲಿನಲ್ಲಿ ಸಾಮಾನು ಹೊರುತ್ತಿದ್ದ ಆರ್ಥರ್ ಅಲೆಗ್ಸಾಂಡರ್ 1961ರಲ್ಲಿ ಹಾಲ್ ಅವರ ಬಳಿ ಮುದ್ರಿಸಿದ ಹಾಡು ಈ ಪ್ರದೇಶಕ್ಕೆ ಮೊದಲ ಯಶಸ್ಸು ತಂದಿತು. ಆಸ್ಪತ್ರೆಯಲ್ಲಿ ಸಹಾಯಕನಾಗಿ ದುಡಿಯುತ್ತಿದ್ದ ಪರ್ಸಿ ಸ್ಲೆಡ್ಜ್ 1966ರಲ್ಲಿ ಶೆಫೀಲ್ಡ್‌ನಲ್ಲಿ ಹಾಡಿದ ಪ್ರೇಮಗೀತೆ ದೇಶದ ಪಟ್ಟಿಯ ಅಗ್ರಸ್ಥಾನಕ್ಕೇರಿತು. 1967ರ ಜನವರಿಯಲ್ಲಿ ಅರೀಥ ಫ್ರ್ಯಾಂಕ್ಲಿನ್ ಅವರು ಫೇಮ್‌ನಲ್ಲಿ ಕಳೆದ ಒಂದೇ ದಿನ ಅವರ ಗಾಯನದ ದಿಕ್ಕನ್ನೇ ಬದಲಿಸಿತು.

ಈ ಹಾಡುಗಳ ಹಿಂದೆ ನುಡಿಸಿದವರಲ್ಲಿ ಬಹುತೇಕರು ಸ್ಥಳೀಯ ಬಿಳಿಯ ಯುವಕರು. ರಾಜ್ಯಪಾಲ ಜಾರ್ಜ್ ವಾಲೆಸ್ 1963ರಲ್ಲಿ ವರ್ಣಭೇದವನ್ನು ಶಾಶ್ವತವಾಗಿ ಉಳಿಸುವ ಪಣತೊಟ್ಟ ರಾಜ್ಯದಲ್ಲಿಯೇ ಸ್ಟುಡಿಯೊದ ಗೋಡೆಗಳ ಒಳಗೆ ಕಪ್ಪು ಕಂಠ ಮತ್ತು ಬಿಳಿಯ ಕೈಗಳು ಕೂಡಿ ದುಡಿದವು. ಇದನ್ನು ಸೌಹಾರ್ದದ ಕಥೆಯಾಗಿ ಹೇಳುವ ರೂಢಿಯಿದೆ. ಆದರೆ ಸ್ಟುಡಿಯೊಗಳ ಒಡೆತನ ಬಿಳಿಯರ ಕೈಯಲ್ಲಿತ್ತು, ಹೊರಗಿನ ಬೀದಿಗಳು ಬದಲಾಗಿರಲಿಲ್ಲ ಎಂಬುದನ್ನೂ ಜೊತೆಯಲ್ಲಿ ಹೇಳಬೇಕಾಗುತ್ತದೆ. ವಾದಕರಲ್ಲಿ ನಾಲ್ವರು 1969ರಲ್ಲಿ ತಮ್ಮದೇ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೊ ತೆರೆದರು. ಅವರಲ್ಲಿ ಒಬ್ಬರಾದ ಬಾಸ್ ವಾದಕ ಡೇವಿಡ್ ಹುಡ್ ಅವರ ಮಗ, ಡ್ರೈವ್ ಬೈ ಟ್ರಕರ್ಸ್ ತಂಡದ ಪ್ಯಾಟರ್ಸನ್ ಹುಡ್, ನಾಲ್ಕು ದಶಕಗಳ ನಂತರ ಹೊವಾರ್ಡ್ ಅವರ ತಂಡವನ್ನು ಮೊದಲು ಗುರುತಿಸಿ ಬೆಂಬಲಿಸಿದವರಲ್ಲಿ ಒಬ್ಬರಾದರು. ತಟ್ಟೆಗಳ ಮೂಲಕ ಮಾತ್ರ ಹರಿದಂತೆ ಕಾಣುವ ಪರಂಪರೆಗೆ ನೆರೆಹೊರೆಯ, ಮನುಷ್ಯ ಸಂಬಂಧದ ಒಂದು ಎಳೆಯೂ ಇತ್ತೆಂಬುದಕ್ಕೆ ಇದು ಸಾಕ್ಷಿ.

3. ಮನೆ ಎಂಬ ಪಾಠಶಾಲೆ

ಹೊವಾರ್ಡ್ ಅವರ ತಂದೆ ಕಪ್ಪು ಜನಾಂಗದವರು, ತಾಯಿ ಬಿಳಿಯರು. ಅಂತರ್ವರ್ಣೀಯ ವಿವಾಹದ ಮೇಲಿನ ನಿಷೇಧವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1967ರಲ್ಲಿಯೇ ರದ್ದುಪಡಿಸಿತ್ತಾದರೂ ಅಲಬಾಮದ ಸಂವಿಧಾನದಲ್ಲಿ ಆ ನಿಷೇಧದ ಮಾತು 2000ದವರೆಗೂ ಉಳಿದುಕೊಂಡಿತ್ತು. ಆ ವರ್ಷದ ಮತದಾನದಲ್ಲಿ ಅದನ್ನು ತೆಗೆದುಹಾಕಿದಾಗ ಹೊವಾರ್ಡ್ ಹನ್ನೆರಡು ವರ್ಷದ ಬಾಲಕಿ. ಸುಮಾರು ಶೇಕಡ 40ರಷ್ಟು ಮತದಾರರು ಅದು ಉಳಿಯಲೆಂದೇ ಮತ ಹಾಕಿದ್ದರು. ತನ್ನ ತಂದೆತಾಯಿಯರ ದಾಂಪತ್ಯವೇ ಕಾಗದದ ಮೇಲೆ ಅಪರಾಧವಾಗಿದ್ದ ರಾಜ್ಯದಲ್ಲಿ ಬೆಳೆದ ಮಗುವಿಗೆ ಸಂಗೀತದ ಪಟ್ಟಿಗಳ ಗೆರೆಗಳು ಬೇರೆಯವರಿಗೆ ಕಂಡಷ್ಟು ಸಹಜವಾಗಿ ಕಾಣಲಾರವು.

ಅವರ ಮೊದಲ ಗುರು ಅಕ್ಕ ಜೇಮಿ. ಪಿಯಾನೊ ನುಡಿಸುವುದನ್ನೂ ಪದ್ಯ ಕಟ್ಟುವುದನ್ನೂ ತಂಗಿಗೆ ಕಲಿಸಿದವಳು ಆಕೆ. ರೆಟಿನೋಬ್ಲಾಸ್ಟೋಮ ಎಂಬ ಕಣ್ಣಿನ ಕ್ಯಾನ್ಸರಿನಿಂದ 1998ರಲ್ಲಿ, ಹದಿಮೂರರ ಹರೆಯದಲ್ಲಿ ಜೇಮಿ ತೀರಿಕೊಂಡಳು. ಅದೇ ಕಾಯಿಲೆ ಹೊವಾರ್ಡ್ ಅವರನ್ನೂ ಬಾಧಿಸಿ ಒಂದು ಕಣ್ಣಿನ ದೃಷ್ಟಿಗೆ ಊನ ತಂದಿತು. ಮುಂದೆ ಅವರು ಗಿಟಾರನ್ನು ಹೆಚ್ಚಾಗಿ ಸ್ವಂತ ಸಾಧನೆಯಿಂದಲೇ ಕರಗತ ಮಾಡಿಕೊಂಡರು. ಹಾಡು ಮನೆಯೊಳಗೆ ಹಿರಿಯಳಿಂದ ಕಿರಿಯಳಿಗೆ ದಾಟುವುದು ಮೌಖಿಕ ಪರಂಪರೆಯ ಅತ್ಯಂತ ಹಳೆಯ ರೀತಿ. ಇಲ್ಲಿ ಆ ಪ್ರಸರಣ ಸಾವಿನಿಂದ ನಡುವೆಯೇ ತುಂಡಾಯಿತು. ಕಲಿಸಿದವಳ ಗೈರುಹಾಜರಿಯಲ್ಲಿ ಕಲಿತದ್ದನ್ನು ಮುಂದುವರಿಸುವ ಹೊಣೆ ತಂಗಿಯ ಪಾಲಿಗೆ ಬಂತು. ಅವರ ಹಾಡುಗಾರಿಕೆಯ ಒಳಒತ್ತಡಕ್ಕೆ ಕಾರಣ ಹುಡುಕುವ ವಿಮರ್ಶೆ ಹಳೆಯ ತಟ್ಟೆಗಳಿಗೆ ಹೋಗುವ ಮೊದಲು ಈ ಮನೆಗೆ ಹೋಗಬೇಕು.

4. ತಂಡ, ಕರೆ ಮತ್ತು ಓಗೊಡುವಿಕೆ

ಪ್ರೌಢಶಾಲೆಯ ಸಹಪಾಠಿ, ಬಾಸ್ ವಾದಕ ಜ್ಯಾಕ್ ಕಾಕ್ರೆಲ್ ಅವರೊಡನೆ ಹೊವಾರ್ಡ್ ಹಾಡು ಕಟ್ಟತೊಡಗಿದರು. ಡ್ರಮ್ ವಾದಕ ಸ್ಟೀವ್ ಜಾನ್ಸನ್, ಗಿಟಾರ್ ವಾದಕ ಹೀತ್ ಫಾಗ್ ಸೇರಿ 2009ರಲ್ಲಿ ತಂಡ ರೂಪುಗೊಂಡಿತು. ಮೊದಲು 'ದ ಶೇಕ್ಸ್' ಎಂದಿದ್ದ ಹೆಸರು ಅನಂತರ 'ಅಲಬಾಮ ಶೇಕ್ಸ್' ಆಯಿತು. ಆ ದಿನಗಳಲ್ಲಿ ಹೊವಾರ್ಡ್ ಅಂಚೆ ಬಟವಾಡೆಯ ಕೆಲಸ ಮಾಡುತ್ತಿದ್ದರು. ಸ್ಥಳೀಯ ಪಾನಗೃಹಗಳಲ್ಲಿ ಈ ತಂಡ ಜೇಮ್ಸ್ ಬ್ರೌನ್, ಓಟಿಸ್ ರೆಡಿಂಗ್ ಅವರ ಜೊತೆಗೆ ಲೆಡ್ ಜೆಪ್ಲಿನ್, ಎಸಿಡಿಸಿ ತಂಡಗಳ ಹಾಡುಗಳನ್ನೂ ನುಡಿಸುತ್ತಿತ್ತು. ಈ ವಿವರ ಮಹತ್ವದ್ದು. ವಿಮರ್ಶಕರು ಹೊವಾರ್ಡ್ ಅವರ ದನಿಯಲ್ಲಿ ಮತ್ತೆ ಮತ್ತೆ ಕೇಳಿಸಿಕೊಂಡದ್ದು ರೆಡಿಂಗ್ ಮತ್ತು ಜಾನಿಸ್ ಜಾಪ್ಲಿನ್ ಅವರನ್ನು. ಆದರೆ ಗಾಯಕಿಯೇ ಹೆಸರಿಸಿದ ಪ್ರೇರಣೆಗಳಲ್ಲಿ ಎಸಿಡಿಸಿ ತಂಡದ ಬಾನ್ ಸ್ಕಾಟ್ ಕೂಡ ಇದ್ದಾರೆ. ಬಣ್ಣವನ್ನು ನೋಡಿ ಪ್ರಭಾವವನ್ನು ಊಹಿಸುವ ವಿಮರ್ಶೆ ಇಂಥ ಕಡೆ ಎಡವುತ್ತದೆ.

2012ರ ಏಪ್ರಿಲ್‌ನಲ್ಲಿ ಎಟಿಒ ಎಂಬ ಸ್ವತಂತ್ರ ಸಂಸ್ಥೆಯಿಂದ ಹೊರಬಂದ 'ಬಾಯ್ಸ್ ಅಂಡ್ ಗರ್ಲ್ಸ್' ಸಂಪುಟದ ಮೊದಲ ಹಾಡು 'ಹೋಲ್ಡ್ ಆನ್'. ಇದರ ಪದಗಳು ಪ್ರದರ್ಶನದ ನಡುವೆ, ವೇದಿಕೆಯ ಮೇಲೆಯೇ ಕೂಡಿಬಂದವೆಂದು ತಂಡದವರು ಹೇಳಿಕೊಂಡಿದ್ದಾರೆ. ಮೌಖಿಕ ಕಾವ್ಯದ ಅಭ್ಯಾಸಿಗಳಿಗೆ ಇದು ಪರಿಚಿತ ಸಂಗತಿ: ಲಯದ ಒಂದು ಚೌಕಟ್ಟು ಸಿದ್ಧವಿರುತ್ತದೆ, ಹಾಡುವ ಗಳಿಗೆಯಲ್ಲಿ ಪಠ್ಯ ಹುಟ್ಟುತ್ತದೆ, ಕೇಳುವವರ ಓಗೊಡುವಿಕೆ ಅದನ್ನು ಸ್ಥಿರಗೊಳಿಸುತ್ತದೆ. ಹಾಡಿನೊಳಗೆ ಗಾಯಕಿ ತನ್ನ ಹೆಸರು ಹಿಡಿದು ತನ್ನನ್ನೇ ಕರೆದು ಎಬ್ಬಿಸಿಕೊಳ್ಳುವ ಘಟ್ಟವೊಂದಿದೆ. ಕನ್ನಡದ ತತ್ವಪದಗಳಲ್ಲಿ ಕೊನೆಗೆ ಬರುವ ಅಂಕಿತದೊಡನೆ ಇದನ್ನು ಹೋಲಿಸುವ ಆಸೆ ಹುಟ್ಟಬಹುದು. ಆದರೆ ಅಂಕಿತ ಸಾಮಾನ್ಯವಾಗಿ ಗುರುವಿಗೆ ಅಥವಾ ದೈವಕ್ಕೆ ಪದವನ್ನು ಒಪ್ಪಿಸುವ ಕ್ರಮ. ಇಲ್ಲಿರುವುದು ಕಪ್ಪು ಜನರ ಚರ್ಚುಗಳಲ್ಲಿ ಎದ್ದು ನಿಂತು ತನ್ನ ಬಾಳಿನ ಸಂಕಟವನ್ನು ಸಭೆಯ ಮುಂದೆ ಸಾರುವ ಸಾಕ್ಷಿನುಡಿಯ ಕ್ರಮ. ಸಭೆ ಮೇಳವಾಗಿ ಮಾರ್ದನಿಸಿದಾಗ ಮಾತ್ರ ಆ ಸಾಕ್ಷಿ ಪೂರ್ಣವಾಗುತ್ತದೆ.

ಸೋಲ್ ಸಂಗೀತದ ಹುಟ್ಟಿನಲ್ಲಿಯೇ ಈ ಕ್ರಮವಿದೆ. ರೇ ಚಾರ್ಲ್ಸ್ 1954ರಲ್ಲಿ ಗಾಸ್ಪೆಲ್ ಹಾಡಿನ ಮಟ್ಟಿಗೆ ಪ್ರೇಮದ ಪದಗಳನ್ನು ಹೊಂದಿಸಿದಾಗ, ಸೋಲ್ ಸ್ಟಿರರ್ಸ್ ತಂಡದ ಸ್ಯಾಮ್ ಕುಕ್ 1957ರಲ್ಲಿ ಜನಪ್ರಿಯ ಹಾಡಿಗೆ ಹೊರಳಿದಾಗ, ಚರ್ಚಿನ ಕರೆ ಮತ್ತು ಓಗೊಡುವಿಕೆ ಬೀದಿಗೆ ಬಂತು. ಹೊವಾರ್ಡ್ ಚರ್ಚಿನ ಗಾಯಕಿಯಾಗಿ ಹೆಸರು ಮಾಡಿದವರಲ್ಲ. ಆದರೂ ಚರ್ಚಿನ ರಚನೆ ಅವರ ಹಾಡಿನಲ್ಲಿ ಉಳಿದಿದೆ. ಆಚರಣೆಯಿಂದ ಬೇರ್ಪಟ್ಟ ಮೇಲೆಯೂ ರೂಪ ತನ್ನ ಕೆಲಸ ಮಾಡುತ್ತಿರುತ್ತದೆ ಎಂಬುದಕ್ಕೆ ಇದನ್ನು ನಿದರ್ಶನವಾಗಿ ಗಮನಿಸಬಹುದು. ಮೊದಲ ಸಂಪುಟದ ಮಿತಿಯನ್ನೂ ಇಲ್ಲಿ ಹೇಳಬೇಕು. ಕೆಲವು ಹಾಡುಗಳಲ್ಲಿ ಪದರಚನೆ ತೆಳುವಾಗಿದೆ. ಕಂಠದ ಕಸುವೇ ಪದದ ಬಡತನವನ್ನು ಮುಚ್ಚುತ್ತದೆ. ಪುನರಾವರ್ತನೆಯ ಆಕ್ಷೇಪಕ್ಕೆ ಇಂಥ ಹಾಡುಗಳು ಅವಕಾಶ ಕೊಟ್ಟವು.

5. ಪಟ್ಟಿಯ ಗೆರೆ ದಾಟಿದ ಎರಡನೆಯ ಹೆಜ್ಜೆ

2015ರ 'ಸೌಂಡ್ ಅಂಡ್ ಕಲರ್' ಈ ಆಕ್ಷೇಪಕ್ಕೆ ಉತ್ತರವಾಗಿ ಬಂತು. ಬ್ಲೇಕ್ ಮಿಲ್ಸ್ ಅವರೊಡನೆ ರೂಪಿಸಿದ ಈ ಸಂಪುಟ ವೈಬ್ರಫೋನಿನ ನಾದದಿಂದ, ಬಾಹ್ಯಾಕಾಶದಲ್ಲಿ ಒಂಟಿಯಾಗಿ ಕಣ್ಣುತೆರೆಯುವವನ ಕಲ್ಪನೆಯಿಂದ ಆರಂಭವಾಗುತ್ತದೆ. ಇಲ್ಲಿ ಕರ್ಟಿಸ್ ಮೇಫೀಲ್ಡ್ ಅವರ ಎತ್ತರದ ಕಳ್ಳದನಿ, ಪ್ರಿನ್ಸ್ ಅವರ ಬಿಡುವುಗಳನ್ನು ಬಳಸುವ ಜಾಣ್ಮೆ, ಒರಟು ಗಿಟಾರ್ ಎಲ್ಲವೂ ಒಟ್ಟಿಗೆ ಇವೆ. ಕೇಳುಗರು ನಿರೀಕ್ಷಿಸಿದ ಅಬ್ಬರದ ಜಾಗದಲ್ಲಿ ಹಲವೆಡೆ ಮೌನವಿದೆ. ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಪ್ರವೇಶ ಪಡೆದ ಈ ಕೃತಿಗೆ 2016ರಲ್ಲಿ ಪರ್ಯಾಯ ಸಂಗೀತ ವಿಭಾಗದ ಗ್ರ್ಯಾಮಿ ಪ್ರಶಸ್ತಿ ಬಂತು. ಅದರ 'ಡೋಂಟ್ ವಾನ ಫೈಟ್' ಹಾಡಿಗೆ ರಾಕ್ ವಿಭಾಗದಲ್ಲಿ ಎರಡು ಪ್ರಶಸ್ತಿಗಳು ಬಂದವು. ಸೋಲ್ ಎಂದು ಜಗತ್ತು ಕರೆದ ಗಾಯಕಿಗೆ ಪ್ರಶಸ್ತಿ ಸಂದದ್ದು ರಾಕ್ ಮತ್ತು ಪರ್ಯಾಯ ವಿಭಾಗಗಳಲ್ಲಿ ಎಂಬುದು ವರ್ಗೀಕರಣದ ಅಸ್ಥಿರತೆಯನ್ನು ತೋರಿಸುತ್ತದೆ.

ಹಾಗೆಂದು ರಾಕ್ ಬಿಳಿಯರ ಪರಂಪರೆ, ಸೋಲ್ ಕಪ್ಪು ಜನರ ಪರಂಪರೆ, ಹೊವಾರ್ಡ್ ಅವೆರಡರ ಬೆರಕೆ ಎಂದು ತೀರ್ಮಾನಿಸುವುದು ಸುಲಭದ ಮಾತಾದರೂ ಇತಿಹಾಸಕ್ಕೆ ಸಮ್ಮತವಲ್ಲ. 1915ರಲ್ಲಿ ಅರ್ಕಾನ್ಸಾದ ಕಾಟನ್ ಪ್ಲಾಂಟ್‌ನಲ್ಲಿ ಹುಟ್ಟಿದ ಸಿಸ್ಟರ್ ರೊಸೆಟಾ ಥಾರ್ಪ್ ಅವರು ಚರ್ಚಿನ ಹಾಡನ್ನು ವಿದ್ಯುತ್ ಗಿಟಾರಿನೊಡನೆ ಹಾಡಿದವರು. 1944ರಲ್ಲಿ ಅವರು ಮುದ್ರಿಸಿದ ಗಾಸ್ಪೆಲ್ ಗೀತೆಯೊಂದನ್ನು ರಾಕ್ ಅಂಡ್ ರೋಲ್‌ನ ಪೂರ್ವಸೂರಿ ಎಂದು ಅನೇಕ ಇತಿಹಾಸಕಾರರು ಪರಿಗಣಿಸುತ್ತಾರೆ. ಅವರು 1973ರಲ್ಲಿ ತೀರಿಕೊಂಡ ಮೇಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಒಳಗೆ ಕರೆಯಲಿಲ್ಲ. 2018ರಲ್ಲಿ ಆ ಗೌರವ ಸಂದಾಗ ಸಮಾರಂಭದಲ್ಲಿ ಥಾರ್ಪ್ ಅವರನ್ನು ಪರಿಚಯಿಸಿ ಅವರ ಹಾಡನ್ನು ಹಾಡಿದವರು ಹೊವಾರ್ಡ್. ಥಾರ್ಪ್ ಅವರ 1960ರ ದಶಕದ ಚಿತ್ರಗಳಲ್ಲಿ ಕಾಣುವ ಗಿಬ್ಸನ್ ಎಸ್‌ಜಿ ಮಾದರಿಯ ಗಿಟಾರ್, ಎಸಿಡಿಸಿ ತಂಡದ ಆಂಗಸ್ ಯಂಗ್ ಅವರ ಗುರುತಾದ ಗಿಟಾರ್, ಹೊವಾರ್ಡ್ ಅವರು ಮೊದಲ ಸಂಪುಟದ ಕಾಲದಲ್ಲಿ ನುಡಿಸಿದ ಗಿಟಾರ್ ಒಂದೇ ಮಾದರಿಯವು. ಹೊವಾರ್ಡ್ ಬಿಳಿಯ ರಾಕ್ ತಂಡಗಳಿಂದ ಕಲಿತದ್ದರಲ್ಲಿ ಬಹಳಷ್ಟು ಭಾಗ, ಬಹಳ ಹಿಂದೆ ಥಾರ್ಪ್‌ನಂಥವರ ಕೈಯಿಂದ ಹೊರಟು ಬೇರೆ ಹೆಸರಿನಲ್ಲಿ ಸುತ್ತಿ ಬಂದದ್ದು. ಎರವಲು ಎಂದು ತೋರುವುದು ಇಲ್ಲಿ ಮನೆಗೆ ಮರಳಿದ ಸೊತ್ತು.

6. ಹೆಸರಿಟ್ಟು ಹೇಳುವ ಧೈರ್ಯ

2019ರಲ್ಲಿ ಹೊವಾರ್ಡ್ ತಂಡದಿಂದ ಬಿಡುವು ಪಡೆದು ತಮ್ಮದೇ ಹೆಸರಿನಲ್ಲಿ ಹೊರತಂದ ಮೊದಲ ಸಂಪುಟಕ್ಕೆ ಅಕ್ಕನ ಹೆಸರನ್ನಿಟ್ಟರು. ಜ್ಯಾಸ್ ಹಿನ್ನೆಲೆಯ ಡ್ರಮ್ ವಾದಕ ನೇಟ್ ಸ್ಮಿತ್, ಕೀಬೋರ್ಡ್ ವಾದಕ ರಾಬರ್ಟ್ ಗ್ಲಾಸ್ಪರ್ ಇದರಲ್ಲಿ ಜೊತೆಗೂಡಿದ್ದಾರೆ. 'ಜೇಮಿ' ಶೋಕಗೀತೆಗಳ ಸಂಗ್ರಹವಲ್ಲ. ಅಕ್ಕನ ಸಾವನ್ನು ನೇರವಾಗಿ ವರ್ಣಿಸುವ ಹಾಡು ಅದರಲ್ಲಿಲ್ಲ. ಬದುಕಿದವಳು ಅಕ್ಕನಿಗೆ ಒಪ್ಪಿಸುವ ತನ್ನ ಲೆಕ್ಕ ಎಂಬಂತೆ ಹಾಡುಗಳು ಜೋಡಣೆಗೊಂಡಿವೆ. ಹುಡುಗಿಯೊಬ್ಬಳಿಗೆ ಮತ್ತೊಬ್ಬ ಹುಡುಗಿಯ ಮೇಲೆ ಹುಟ್ಟುವ ಮುಗ್ಧ ಒಲವು 'ಜಾರ್ಜಿಯ' ಹಾಡಿನ ವಸ್ತು. ಚರ್ಚಿಗೆ ಹೋಗದವಳನ್ನೂ ದೇವರು ಕೈಬಿಡಲಾರನೆಂಬ ನಂಬುಗೆ ಇನ್ನೊಂದರ ವಸ್ತು.

ಈ ಸಂಪುಟದ ನಡುಗಂಬ 'ಗೋಟ್ ಹೆಡ್'. ಹೊವಾರ್ಡ್ ಎಳೆಯ ಮಗುವಾಗಿದ್ದಾಗ ಯಾರೋ ತಂದೆಯ ಕಾರಿನ ಚಕ್ರಗಳನ್ನು ಸೀಳಿ ಹಿಂಬದಿಯ ಆಸನದಲ್ಲಿ ಮೇಕೆಯ ತಲೆಯನ್ನು ಇರಿಸಿ ಹೋಗಿದ್ದರು. ತಾಯಿಯಿಂದ ತಡವಾಗಿ ತಿಳಿದ ಈ ಘಟನೆಯನ್ನು ಹಾಡು ಮಗುವಿನ ಪ್ರಶ್ನೆಗಳ ರೂಪದಲ್ಲಿ ಹೇಳುತ್ತದೆ. ಅಬ್ಬರವಿಲ್ಲ, ಪಿಯಾನೊ ಮತ್ತು ಡ್ರಮ್ಮಿನ ಮೇಲೆ ಮಾತಿಗೆ ಹತ್ತಿರದ ದನಿ ಮಾತ್ರ ಇದೆ. ಕುಟುಂಬದೊಳಗೆ ಪಿಸುಮಾತಿನಲ್ಲಿ ಉಳಿದಿದ್ದ ವೃತ್ತಾಂತ ಹಾಡಾಗಿ ಸಾರ್ವಜನಿಕ ನೆನಪಾಗುವ ಈ ಕ್ರಿಯೆಯನ್ನು ಜಾನಪದ ವಿದ್ವಾಂಸರು ಗಮನಿಸಬೇಕು. ಮೌಖಿಕ ಚರಿತ್ರೆಗೆ ಪರಂಪರೆಯ ಸಂಗೀತ ವಾಹನವಾಗಿದೆ. ಇದಕ್ಕೆ ಹೋಲಿಸಿದರೆ ಅದೇ ಸಂಪುಟದ '13ನೆಯ ಸೆಂಚುರಿ ಮೆಟಲ್' ಹಾಡಿನಲ್ಲಿರುವ ಸಹಬಾಳ್ವೆಯ ಘೋಷಣೆ ಸದಾಶಯದ ಮಟ್ಟದಲ್ಲಿಯೇ ನಿಲ್ಲುತ್ತದೆ. ನಿರ್ದಿಷ್ಟ ಘಟನೆಗೆ ಅಂಟಿಕೊಂಡಾಗ ಹೊವಾರ್ಡ್ ಅವರ ರಚನೆ ಪಡೆಯುವ ಬಲ ಸಾಮಾನ್ಯ ತತ್ವವನ್ನು ಸಾರುವಾಗ ಕುಗ್ಗುತ್ತದೆ. ಸಂಪುಟದ 'ಸ್ಟೇ ಹೈ' ಹಾಡಿಗೆ 2021ರಲ್ಲಿ ಅತ್ಯುತ್ತಮ ರಾಕ್ ಗೀತೆಯ ಗ್ರ್ಯಾಮಿ ದೊರೆಯಿತು.

7. 'ಸ್ವತಂತ್ರ' ಎಂಬ ವಿಶೇಷಣ

ಹೊವಾರ್ಡ್ ಅವರನ್ನು ಸ್ವತಂತ್ರ ಗಾಯಕಿ ಎಂದು ಕರೆಯುವ ವಾಡಿಕೆಯಿದೆ. 2012, 2015, 2019ರ ಮೂರೂ ಸಂಪುಟಗಳು ಸ್ವತಂತ್ರ ಸಂಸ್ಥೆಯಿಂದ ಬಂದವಾದ್ದರಿಂದ ಈ ಮಾತಿಗೆ ಆಧಾರವಿದೆ. ಆದರೆ 2024ರ ಫೆಬ್ರವರಿಯಲ್ಲಿ ಬಂದ 'ವಾಟ್ ನೌ' ಸಂಪುಟ ಬೃಹತ್ ಉದ್ಯಮದ ಭಾಗವಾದ ಐಲೆಂಡ್ ರೆಕಾರ್ಡ್ಸ್‌ನಿಂದ ಪ್ರಕಟವಾಯಿತು. ಒಡೆತನದ ಅರ್ಥದಲ್ಲಿ ಆ ವಿಶೇಷಣ ಅಲ್ಲಿಗೆ ಮುಗಿಯಿತು. ಕುತೂಹಲದ ಸಂಗತಿಯೆಂದರೆ, ರೂಪದ ಅರ್ಥದಲ್ಲಿ ಅವರ ಅತ್ಯಂತ ಸ್ವಚ್ಛಂದ ಕೃತಿಗಳಲ್ಲಿ ಇದೂ ಒಂದು. ಹಾಡುಗಳ ನಡುವೆ ಸ್ಫಟಿಕದ ಬಟ್ಟಲುಗಳ ನಾದವಿದೆ. ಷಿಕಾಗೊದ ಕಪ್ಪು ಜನರ ನೃತ್ಯಶಾಲೆಗಳಲ್ಲಿ ಹುಟ್ಟಿದ ಹೌಸ್ ಸಂಗೀತದ ಲಯವಿದೆ. ಮಾಯಾ ಏಂಜೆಲೊ ಅವರ ಕಾವ್ಯವಾಚನದ ದನಿಯಿದೆ. ಇದರಿಂದ ತಿಳಿಯುವುದೇನೆಂದರೆ, ಕಲಾವಿದರ ಸ್ವಾತಂತ್ರ್ಯವನ್ನು ಪ್ರಕಾಶಕರ ವಿಳಾಸದಿಂದ ಅಳೆಯುವುದು ಅರ್ಧ ಸತ್ಯ. ಪರಂಪರೆಯಿಂದ ಯಾವುದನ್ನು ಆಯಬೇಕು, ಯಾವುದನ್ನು ನಿರಾಕರಿಸಬೇಕು ಎಂಬ ತೀರ್ಮಾನ ಯಾರ ಕೈಯಲ್ಲಿದೆ ಎಂಬುದು ಇನ್ನರ್ಧ. 2025ರಲ್ಲಿ ಅಲಬಾಮ ಶೇಕ್ಸ್ ಮತ್ತೆ ಪ್ರವಾಸ ಹೊರಟಾಗ ಹಳೆಯ ಮೇಳಕ್ಕೆ ಮರಳಿದ ಗಾಯಕಿ ಈ ಎಲ್ಲ ಆಯ್ಕೆಗಳನ್ನು ಮಾಡಿ ಬಂದವರಾಗಿದ್ದರು.

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಮರಳಬಹುದು. ತಟ್ಟೆಗಳಿಂದ ಕಲಿತವರು ಪರಂಪರೆಯ ವಾಹಕರಾಗಬಲ್ಲರೆ? ಹೊವಾರ್ಡ್ ಅವರ ನಿದರ್ಶನ, ಪ್ರಸರಣದ ಮಾಧ್ಯಮ ಯಾವುದೆಂಬುದಕ್ಕಿಂತ, ಪಡೆದದ್ದಕ್ಕೆ ಹಾಡುಗಾರರು ಸಲ್ಲಿಸುವ ಹೊಣೆಗಾರಿಕೆ ಯಾವುದೆಂಬುದು ಮುಖ್ಯ ಎಂದು ಸೂಚಿಸುತ್ತದೆ. ಸೋಲ್ ಸಂಗೀತದ ಹೊರಮೈಯನ್ನು ಅನುಕರಿಸುವುದು ಸುಲಭ; ಹಿತ್ತಾಳೆ ವಾದ್ಯ, ಹಳೆಯ ಧ್ವನಿವರ್ಧಕ, ಒಡೆದ ದನಿ ಇದ್ದರೆ ಸಾಕು. ಅದರ ಒಳಗಿನ ಸಾಕ್ಷಿನುಡಿಯನ್ನು ತನ್ನ ಊರು, ತನ್ನ ಮನೆ, ತನ್ನ ತಂದೆಯ ಕಾರಿನ ಕಥೆಗೆ ಒಡ್ಡುವುದು ಬೇರೆಯದೇ ಕೆಲಸ. ಜೇಮಿಯ ನಂತರ ಹಾಡು ತುಂಡಾಗದಂತೆ ನೋಡಿಕೊಂಡ ತಂಗಿ, ಥಾರ್ಪ್ ಅವರ ಹೆಸರನ್ನು ತಡವಾದ ಸಮಾರಂಭದಲ್ಲಿ ಗಟ್ಟಿಯಾಗಿ ಕರೆದ ಗಾಯಕಿ, ಈ ಎರಡೂ ಪಾತ್ರಗಳಲ್ಲಿ ಹೊವಾರ್ಡ್ ವಾರಸುದಾರಿಕೆಯ ಕರ್ತವ್ಯವನ್ನೇ ನಿರ್ವಹಿಸಿದ್ದಾರೆ. ಅಥೆನ್ಸ್‌ನ ಎರಡು ನೆನಪುಗಳನ್ನು ಎರಡು ಕಪಾಟುಗಳಲ್ಲಿ ಇರಿಸಿದ ಸಂಗ್ರಾಹಕರು ಮತ್ತು ವ್ಯಾಪಾರಿಗಳು ಬಿಟ್ಟುಹೋದ ಕೆಲಸ ಇನ್ನೂ ಬಾಕಿಯಿದೆ. ಅದನ್ನು ಹಾಡುಗಾರ್ತಿ ಆರಂಭಿಸಿದ್ದಾರೆ, ಅಧ್ಯಯನಕಾರರು ಮುಂದುವರಿಸಬೇಕಾಗಿದೆ.